ಮೇಲೆ ಮಹದಾಯಿ, ಕೆಳಗೆ ಮಾಂಡೋವಿ: ಗೋವಾ ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ,

ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಮಹದಾಯಿ ಎನಿಸಿಕೊಂಡ ಹೊಳೆ ಘಟ್ಟ ಇಳಿದ ಮೇಲೆ ನಿಮಗೆ ಮಾಂಡೋವಿ. ಈ ನೀರಿಗಾಗಿ ನಮ್ಮೆರಡು ರಾಜ್ಯಗಳು ಜಗಳವಾಡಿದ್ದು ಎಲ್ಲರಿಗೂ ಗೊತ್ತು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಮೇಲೆ ನೀರು ತಿರುಗಿಸಿದರೆ ಕೆಳಗೆ ಉಪ್ಪುನೀರು ಒಳನುಗ್ಗುತ್ತದೆ, ಜೀವಜಾಲ ಕೆಡುತ್ತದೆ ಎಂಬುದು ಗೋವಾದ ವಾದದ ತಿರುಳು. ಆ ನೀರು ತಿರುಗಿಸುವ ಕರ್ನಾಟಕದ ಕಳಸಾ-ಬಂಡೂರಿ ಯೋಜನೆ ಸರಿಯೋ ತಪ್ಪೋ ಎಂದು ಇಲ್ಲಿ ಕೆದಕಲು ಹೊರಟಿಲ್ಲ. ಮೇಲ್ದಂಡೆಗೆ ನೀವು ಹಿಡಿದ ಅಳತೆಗೋಲನ್ನೇ ಪಣಜಿಯ ಎದುರು ನದಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳಿಗೂ, ಅಂದರೆ ತೇಲುವ ಜೂಜುಮನೆಗಳಿಗೂ, ಹಿಡಿಯಿರಿ ಎಂದಷ್ಟೇ ಕೇಳುತ್ತಿದ್ದೇವೆ.

ಗೋವಾದ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ ಅವಕಾಶ ಕೊಟ್ಟರು. 1996ರಲ್ಲಿ ಮೇಜಿನ ಆಟಗಳಿಗೂ ಒಪ್ಪಿಗೆ ಸಿಕ್ಕಿತು, ಆದರೆ 'ಆಫ್‌ಶೋರ್' ಹಡಗುಗಳಲ್ಲಿ ಮಾತ್ರ. ಪದದ ಅರ್ಥ ದಡದಾಚೆಯ ಕಡಲು. ಆರು ಹಡಗುಗಳು ನಿಂತಿರುವುದು ನದಿಯಲ್ಲಿ. ಬಿಜಾಪುರದ ಯೂಸುಫ್ ಆದಿಲ್ ಶಾ ಕಟ್ಟಿಸಿದ ಅರಮನೆ, ಅಂದರೆ ನಿಮ್ಮ ಹಳೆಯ ಸಚಿವಾಲಯದ ಎದುರಿಗೇ ಅವುಗಳ ದೀಪಗಳು ಕಾಣುತ್ತವೆ. ಅಲ್ಲಿಂದ ಅವುಗಳನ್ನು ತೆಗೆಸುತ್ತೇವೆಂದು ಒಂದಲ್ಲ ಹಲವು ಸರ್ಕಾರಗಳು ಹೇಳಿದವು. ಆಮೇಲೆ ಆರಾರು ತಿಂಗಳಿಗೊಂದು ವಿಸ್ತರಣೆ. ತಾತ್ಕಾಲಿಕ ಎನ್ನುವ ಮಾತಿಗೆ ಇಷ್ಟು ಆಯುಷ್ಯವಿದೆ ಎಂದು ನಿಘಂಟು ಬರೆದವರಿಗೂ ಗೊತ್ತಿರಲಿಕ್ಕಿಲ್ಲ.

ಜೂಜು ಪಾಪವೋ ಮನರಂಜನೆಯೋ ಎಂಬ ಚರ್ಚೆ ನಮಗೆ ಬೇಡ. 2020ರ ಫೆಬ್ರವರಿಯಿಂದ ನಿಮ್ಮವರಿಗೆ ಒಳಗೆ ಪ್ರವೇಶವಿಲ್ಲ, ಹಾಗಾಗಿ ಸೋಲುವ ಕೆಲಸ ಹೊರಗಿನವರ ಪಾಲಿಗೆ ಬಂದಿದೆ. ಶುಕ್ರವಾರ ರಾತ್ರಿ ಬಾಂದೋಡ್ಕರ್ ರಸ್ತೆಯಲ್ಲಿ ನಿಂತ ಕಾರುಗಳ ನಂಬರ್ ಪ್ಲೇಟ್ ನೋಡಿದರೆ ಕೆಎ 22, ಕೆಎ 25, ಕೆಎ 63 ಕಣ್ಣಿಗೆ ಬೀಳುತ್ತವೆ: ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಚೋರ್ಲಾ ಘಾಟಿ ಇಳಿದು ಬಂದವರ ಹಣ ಅವರಿಷ್ಟ. ಅವರು ಹಡಗಿನಲ್ಲಿ ಬಿಟ್ಟು ಹೋಗುವ ಕೊಳೆನೀರು ಮಾತ್ರ ಎಲ್ಲರ ತಲೆನೋವು.

ಹಡಗಿನಲ್ಲಿ ಮೂರು ಬಗೆಯ ಕೊಳೆನೀರು ಇರುತ್ತದೆ. ಶೌಚದ್ದು ಒಂದು, ಅಡುಗೆಮನೆ ಮತ್ತು ಕೈತೊಳೆಯುವ ಜಾಗದ್ದು ಇನ್ನೊಂದು, ಎಂಜಿನ್ ಕೋಣೆಯ ತಳದಲ್ಲಿ ನಿಲ್ಲುವ ಎಣ್ಣೆನೀರು ಮೂರನೆಯದು. ಕಡಲ ಹಡಗುಗಳಿಗೆ ಅನ್ವಯಿಸುವ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಮಾಲಿನ್ಯ ತಡೆ ಒಪ್ಪಂದದ ನಿಯಮದ ಪ್ರಕಾರ ಸಂಸ್ಕರಿಸದ ಶೌಚನೀರನ್ನು ದಡದಿಂದ 12 ನಾಟಿಕಲ್ ಮೈಲಿ ಆಚೆಗೆ ಹೋಗಿ, ಹಡಗು ಸಾಗುತ್ತಿರುವಾಗ ಮಾತ್ರ ಬಿಡಬಹುದು. ಅರೆದು ಸೋಂಕು ತೆಗೆದಿದ್ದಕ್ಕೆ 3 ಮೈಲಿ ಸಾಕು. ಲಂಗರು ಹಾಕಿ ನಿಂತ ಹಡಗಿಗೆ ಇವೆರಡೂ ಇಲ್ಲ. ಅಂದಮೇಲೆ ಪ್ರತಿ ಹನಿಯೂ ತೊಟ್ಟಿಯಲ್ಲಿ ಶೇಖರವಾಗಿ, ಬಾರ್ಜ್‌ಗೆ (ಚಪ್ಪಟೆ ತಳದ ಸರಕು ದೋಣಿಗೆ) ಇಳಿದು, ದಡಕ್ಕೆ ಬಂದು, ಟ್ಯಾಂಕರಿನಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗಬೇಕು.

ಒಂದು ಸರಳ ಲೆಕ್ಕ. ರಾತ್ರಿಗೆ ಒಂದು ಸಾವಿರ ಜನ, ತಲೆಗೆ 50 ಲೀಟರ್ ಎಂದು ಹಿಡಿದರೆ 50,000 ಲೀಟರ್. 10,000 ಲೀಟರಿನ ಐದು ಟ್ಯಾಂಕರ್, ಒಂದೇ ರಾತ್ರಿಗೆ. ಇಷ್ಟು ನೀರು ಸಾಗಿಸುವಾಗ ಎಲ್ಲಿ ತಪ್ಪುತ್ತದೆ ಎಂಬುದು ಹಡಗಿನ ಕೆಲಸ ಬಲ್ಲವರಿಗೆ ಹೊಸದಲ್ಲ. ಬಫೆ ಅಡುಗೆಮನೆಯ ಜಿಡ್ಡು ತಡೆಯುವ ಪೆಟ್ಟಿಗೆಯನ್ನು ದಿನವೂ ಶುಚಿ ಮಾಡದಿದ್ದರೆ ಕೊಬ್ಬು ತೊಟ್ಟಿಗೆ ಇಳಿದು, ತಣ್ಣಗಾಗಿ, ಮಟ್ಟ ತೋರಿಸುವ ತೇಲುಗುಂಡಿಗೆ ಅಂಟಿಕೊಳ್ಳುತ್ತದೆ. ತೊಟ್ಟಿ ತುಂಬಿದ್ದರೂ ಫಲಕ ಅರ್ಧ ಎನ್ನುತ್ತದೆ. ಉಕ್ಕಿದ್ದು ಗಾಳಿ ಕೊಳವೆಯ ದಾರಿ ಹಿಡಿದು ನದಿಗೆ ಬೀಳುತ್ತದೆ.

ಇದಕ್ಕಿಂತ ಸಾಮಾನ್ಯವಾದ ತಪ್ಪು ಹಡಗಿನಿಂದ ಬಾರ್ಜ್‌ಗೆ ಹಾಕಿದ ಕೊಳವೆ ಕಳಚುವಾಗಿನದು. ನಾಲ್ಕು ಇಂಚು ವ್ಯಾಸದ, 20 ಮೀಟರ್ ಉದ್ದದ ಕೊಳವೆಯ ಹೊಟ್ಟೆಯಲ್ಲಿ ಸುಮಾರು 160 ಲೀಟರ್ ಉಳಿದಿರುತ್ತದೆ. ಪಂಪ್ ನಿಲ್ಲಿಸಿ, ಕತ್ತಲಲ್ಲಿ, ಹಡಗು ಒಂದು ಲಯದಲ್ಲಿ ಬಾರ್ಜ್ ಇನ್ನೊಂದು ಲಯದಲ್ಲಿ ಏರಿಳಿಯುತ್ತಿರುವಾಗ ಜೋಡಣೆ ಬಿಚ್ಚಿದರೆ ಆ 160 ಲೀಟರ್ ಎಲ್ಲಿಗೆ ಹೋಗುತ್ತದೆಂದು ಊಹಿಸಲು ಪರಿಣತಿ ಬೇಡ. ಪರಿಹಾರ ದುಬಾರಿಯದೂ ಅಲ್ಲ: ಕಳಚಿದ ಕೂಡಲೇ ಎರಡೂ ಬಾಯಿ ಮುಚ್ಚಿಕೊಳ್ಳುವ ಜೋಡಣೆ, ಕಳಚುವ ಮುನ್ನ ಗಾಳಿ ಊದಿ ಕೊಳವೆ ಖಾಲಿ ಮಾಡುವ ಕ್ರಮ, ಅಡಿಯಲ್ಲೊಂದು ತಟ್ಟೆ. ಪರವಾನಗಿಯ ಷರತ್ತಿನಲ್ಲಿ ಈ ಮೂರನ್ನೂ ಹೆಸರಿಟ್ಟು ಬರೆಯಿರಿ. 'ಸೂಕ್ತ ವ್ಯವಸ್ಥೆ ಮಾಡತಕ್ಕದ್ದು' ಎಂದು ಬರೆದರೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ.

ಕೊಳೆನೀರನ್ನು ಕದ್ದು ನದಿಗೆ ಬಿಡುವುದನ್ನು ಹಿಡಿಯಲು ಇನ್ನೂ ಸುಲಭದ ದಾರಿ ಇದೆ. ಹಡಗಿಗೆ ಸಿಹಿನೀರು ದಡದಿಂದಲೇ ಹೋಗಬೇಕು, ಅದಕ್ಕೆ ಬಿಲ್ ಇರುತ್ತದೆ. ಒಳಹೋದ ನೀರಿಗೂ ಮೀಟರ್, ಹೊರಬಂದ ಕೊಳೆನೀರಿಗೂ ಮೀಟರ್ ಇಡಿಸಿ. ಕುಡಿದದ್ದು, ಆವಿಯಾದದ್ದು, ಎಸಿ ತಿಂದದ್ದು ಕಳೆದ ಮೇಲೂ ತಿಂಗಳ ಲೆಕ್ಕ ತಾಳೆಯಾಗದಿದ್ದರೆ ಆ ನೀರು ಹೋದದ್ದೆಲ್ಲಿಗೆ ಎಂದು ಕೇಳುವ ಹಕ್ಕು ನಿಮಗಿದೆ. ಎರಡು ಅಂಕಣದ ಆ ಲೆಕ್ಕವನ್ನು ಪ್ರತಿ ತಿಂಗಳು ಪ್ರಕಟಿಸಿದರೆ ಅರ್ಧ ಗುಮಾನಿ ತಾನಾಗಿ ಕರಗುತ್ತದೆ.

ಇನ್ನು ನದಿಯ ನೀರಿನ ಪರೀಕ್ಷೆ. ಪಣಜಿಯಲ್ಲಿ ಉಬ್ಬರ-ಇಳಿತದ ಅಂತರ ಸುಮಾರು ಎರಡು ಮೀಟರ್, ದಿನಕ್ಕೆ ಎರಡು ಸಲ. ಉಬ್ಬರದ ತುದಿಯಲ್ಲಿ ಬಾಟಲಿ ಅದ್ದಿದರೆ ಸಿಗುವುದು ಹೆಚ್ಚಾಗಿ ಅರಬ್ಬೀ ಸಮುದ್ರದ ನೀರು. ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಇಳಿತದ ಕೊನೆಯಲ್ಲಿ ತೆಗೆದ ಬಾಟಲಿ ನದಿಯ ನಿಜ ಹೇಳುತ್ತದೆ. ಹೀಗಾಗಿ ಪ್ರತಿ ವರದಿಯಲ್ಲೂ ತಾರೀಖಿನ ಪಕ್ಕ ಗಂಟೆ, ಇಳಿತದ ಹಂತ, ಆಳ ಮೂರೂ ಇರಬೇಕು. ಸ್ನಾನಯೋಗ್ಯ ಕಡಲು-ಅಳಿವೆ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಗೆರೆ ಸ್ಪಷ್ಟವಿದೆ: 100 ಮಿ.ಲೀ.ಗೆ ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಗರಿಷ್ಠ 100, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿ.ಗ್ರಾಂ, ಬಿಒಡಿ (ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಗರಿಷ್ಠ 3 ಮಿ.ಗ್ರಾಂ. ಹರಿವಿನಲ್ಲಿ ಹಡಗುಗಳಿಗಿಂತ ಮೇಲ್ಗಡೆ, ಅವುಗಳ ನಡುವೆ, ಕೆಳಗಡೆ ಒಂದೊಂದು ಕಡೆ ಮಾದರಿ ತೆಗೆಯಿರಿ. ಸೇಂಟ್ ಇನೆಜ್ ತೊರೆ ನದಿ ಸೇರುವಲ್ಲಿ ನಾಲ್ಕನೆಯದು. ಊರಿನ ಕೊಳಚೆಯನ್ನು ಹೊತ್ತು ತರುವ ಆ ತೊರೆಯ ಪಾಲನ್ನೂ ಹಡಗಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ. ನಿಜಕ್ಕೆ ಈ ನಾಲ್ಕನೆಯ ಬಾಟಲಿಯನ್ನು ಕ್ಯಾಸಿನೊ ಮಾಲೀಕರೇ ಕೇಳಬೇಕಿತ್ತು.

ಮಳೆಗಾಲದಲ್ಲಿ ನದಿ ಎಲ್ಲವನ್ನೂ ಕಡಲಿಗೆ ತಳ್ಳಿಬಿಡುತ್ತದೆ. ಏಪ್ರಿಲ್-ಮೇ ಹೊತ್ತಿಗೆ ಮೇಲಿನಿಂದ ಬರುವ ಸಿಹಿನೀರು ಇಲ್ಲವೆನ್ನುವಷ್ಟು ಕಡಿಮೆ. ಒಳನಾಡಿನ ಗಾಂಜೆ ಊರಿನವರೆಗೂ ಉಬ್ಬರದ ಪ್ರಭಾವವಿರುವ ಈ ಅಳಿವೆಯಲ್ಲಿ ಆಗ ನೀರು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ ಅಷ್ಟೆ. ಸಂಜೆ ಪಣಜಿಯೆದುರು ಬಿದ್ದದ್ದು ಉಬ್ಬರದೊಡನೆ ಮೇಲಕ್ಕೆ ಹೋಗಿ ಮತ್ತೆ ಪಣಜಿಗೇ ಬರುತ್ತದೆ. ಸಿಹಿನೀರಿನ ಒಂದೊಂದು ಕ್ಯೂಸೆಕ್ಕೂ ಈ ಅಳಿವೆಗೆ ಬೇಕು ಎನ್ನುವ ವಾದ ಗಟ್ಟಿಯಾಗುವುದು ಈ ತಿಂಗಳುಗಳಲ್ಲೇ. ಅದೇ ತಿಂಗಳುಗಳಲ್ಲಿ ಕೊಳೆಯ ಹೊರೆ ಎಷ್ಟೆಂದು ಅಳೆಯದಿದ್ದರೆ ನೀರಿನ ವ್ಯಾಜ್ಯದಲ್ಲಿ ಎದುರು ನಿಂತ ವಕೀಲರಿಗೆ ನೀವೇ ಅಸ್ತ್ರ ಕೊಟ್ಟಂತೆ.

ಲಂಗರಿನ ವಿಷಯ ಯಾರೂ ಮಾತಾಡುವುದಿಲ್ಲ. 2017ರ ಜುಲೈನಲ್ಲಿ ಎಂ.ವಿ. ಲಕ್ಕಿ ಸೆವೆನ್ ಎಂಬ ಕ್ಯಾಸಿನೊ ಹಡಗನ್ನು ಮಾಂಡೋವಿಗೆ ತರುವಾಗ ಅದು ಹಿಡಿತ ತಪ್ಪಿ ಮಿರಾಮಾರ್ ಕಡಲತೀರದ ಮರಳಿಗೆ ಬಂದು ಕೂತಿತು. ತೆಗೆಯಲು ಮಳೆಗಾಲ ಕಳೆಯಬೇಕಾಯಿತು. ಜೂನ್‌ನಿಂದ ನದಿ ಕಡಲು ಸೇರುವ ಅಗ್ವಾದ ಬಳಿಯ ಮರಳುದಿಬ್ಬ ಎಷ್ಟು ಅಪಾಯವೆಂದರೆ ಅದಿರಿನ ಬಾರ್ಜ್‌ಗಳೇ ಆ ದಾರಿ ಬಿಟ್ಟು ಕುಂಭಾರ್ಜುವೆ ಕಾಲುವೆ ಹಿಡಿಯುತ್ತಿದ್ದವು. ನಿಂತ ಹಡಗಿಗೂ ಅಪಾಯ ತಪ್ಪಿದ್ದಲ್ಲ. ದಿನಕ್ಕೆ ನಾಲ್ಕು ಸಲ ಸೆಳೆತದ ದಿಕ್ಕು ಬದಲಾಗುವಾಗ ಸರಪಳಿ ನೆಲ ಮುಟ್ಟುವ ಜಾಗದಲ್ಲಿ ಕೊಂಡಿಗಳು ಒಂದಕ್ಕೊಂದು ಉಜ್ಜಿ ಸವೆಯುತ್ತವೆ. ಕೊಂಡಿಯ ಸರಾಸರಿ ವ್ಯಾಸ ಶೇ 12ರಷ್ಟು ಸವೆದರೆ ಬದಲಿಸಬೇಕು ಎಂಬುದು ಹಡಗು ವರ್ಗೀಕರಣ ಸಂಸ್ಥೆಗಳ ನಿಯಮ. ಮೇ ತಿಂಗಳಲ್ಲಿ ಮುಳುಗುಗಾರರು ಆ ಜಾಗದಲ್ಲಿ ಅಳತೆ ತೆಗೆದ ವರದಿ ಇಲ್ಲದೆ ಜೂನ್‌ನಲ್ಲಿ ಯಾವ ಹಡಗೂ ಅಲ್ಲಿ ನಿಲ್ಲಬಾರದು. ಪ್ರವಾಹದಲ್ಲಿ ತೇಲಿಬಂದ ಮರ ಸರಪಳಿಗೆ ಸಿಕ್ಕಿಕೊಂಡಾಗ ಯಾವ ಟಗ್ (ಹಡಗು ಎಳೆಯುವ ದೋಣಿ), ಎಷ್ಟು ನಿಮಿಷದಲ್ಲಿ ಬರುತ್ತದೆ ಎಂಬುದೂ ಬರಹದಲ್ಲಿರಬೇಕು.

ಈಗ ಮಾತು ದೊಡ್ಡ ಹಡಗು, ದೊಡ್ಡ ಜೆಟ್ಟಿ, ಚಂದದ ನದಿತೀರದ ಕಡೆ ಹೊರಳಿದೆ. ಕ್ಯಾಸಿನೊಗಳ ಮೇಲೆ ಶೇ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ತೆರಿಗೆ ಏರಿದಷ್ಟೂ ಒಂದೇ ಪರವಾನಗಿಯಲ್ಲಿ ಹೆಚ್ಚು ಜನರನ್ನು ಕೂರಿಸುವ ಆಸೆ ಏರುವುದು ಸಹಜ. ಆದ್ದರಿಂದ ಹಡಗುಗಳ ಸಂಖ್ಯೆಗಷ್ಟೇ ಮಿತಿ ಹಾಕಿದರೆ ಸಾಲದು. ನದಿಯ ಮೇಲೆ ಒಂದು ಹೊತ್ತಿಗೆ ಒಟ್ಟು ಎಷ್ಟು ಜನ ಇರಬಹುದು ಎಂಬುದಕ್ಕೇ ಮಿತಿ ಬೇಕು.

ನದಿತೀರ ಕಟ್ಟುವವರಿಗೆ ಪಣಜಿಯಲ್ಲೇ ಪಾಠವಿದೆ. ರಿಬಂದರಿಗೆ ಹೋಗುವ ಪೋಂತೆ ದೆ ಲಿನ್ಹಾರೆಸ್ ದಾರಿಯನ್ನು 1634ರ ಸುಮಾರಿಗೆ ಜಂಬಿಟ್ಟಿಗೆಯಲ್ಲಿ ಕಟ್ಟಿದವರು ಅಡಿಯಲ್ಲಿ ಕಮಾನು ಬಿಟ್ಟು ಉಬ್ಬರದ ನೀರಿಗೆ ದಾರಿ ಕೊಟ್ಟರು. ಈಗಿನವರು ಮೊದಲು ಕಾಂಕ್ರೀಟ್ ಗೋಡೆ ಎಬ್ಬಿಸಿ, ಕೆಸರನ್ನು ಮುಚ್ಚಿ, ಆಮೇಲೆ ಚರಂಡಿಯ ಬಾಯಿ ಹುಡುಕುತ್ತಾರೆ. ಆ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದ್ದು ಒಮ್ಮುಖ ಕವಾಟವೂ ಇಲ್ಲದಿದ್ದರೆ, ಜೋರು ಮಳೆಯೂ ಉಬ್ಬರವೂ ಒಟ್ಟಿಗೆ ಬಂದ ದಿನ ನದಿ ಪಣಜಿ ಪೇಟೆಯ '18 ಜೂನ್' ರಸ್ತೆಯ ಕಡೆಗೆ ಹಿಂದಿರುಗುತ್ತದೆ. ಸಾಂಖಳಿಯಲ್ಲಿ ವಾಳವಂಟಿ ಹೊಳೆ ಏರಿದಾಗ ಪಂಪ್ ಹಚ್ಚಿ ನೀರು ಎತ್ತಿಹಾಕುವುದನ್ನು ಕಂಡಿರುವ ಸರ್ಕಾರಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿರುವಲ್ಲಿ ಗೋಡೆ ಬೇಡ, ಇರುವ ಗೋಡೆಗೆ ಕವಾಟ ಹಾಕಿಸಿ.

ಮುಂದಿನ ವಿಸ್ತರಣೆಯ ಕಡತ ಸಂಪುಟಕ್ಕೆ ಬಂದಾಗ ಅದರಲ್ಲಿ ಮೀಟರ್ ಲೆಕ್ಕ, ಸರಪಳಿ ವರದಿ, ನಾಲ್ಕು ಬಾಟಲಿಗಳ ಹನ್ನೆರಡು ತಿಂಗಳ ಫಲಿತಾಂಶ ಇರಲಿ. ಹಡಗುಗಳು ನದಿ ಬಿಡುವ ತಾರೀಖೂ ಇರಲಿ, ಅದು ಎಷ್ಟೇ ದೂರದ್ದಾದರೂ ಸರಿ. ಮಹದಾಯಿ ನ್ಯಾಯಮಂಡಳಿಯ ತೀರ್ಪಿನ ಜಾರಿ ನೋಡಿಕೊಳ್ಳಲು 2023ರಲ್ಲಿ ಕೇಂದ್ರ ಒಪ್ಪಿದ 'ಪ್ರವಾಹ್' ಪ್ರಾಧಿಕಾರಕ್ಕೆ ಅದರ ಒಂದು ಪ್ರತಿ ಕಳಿಸಿ. ಕರ್ನಾಟಕದ ಜಲಾಶಯ ಲೆಕ್ಕಗಳನ್ನು ನೋಡುವ ಮೇಜಿನ ಮೇಲೆಯೇ ಅದೂ ಬೀಳಲಿ.

ಇಂತಿ,
ಮಾಂಡೋವಿ ದಡದ ಕೆಲವು ಕನ್ನಡಿಗರು