ಕತ್ತಲೆ ಕೋಣೆಯಲ್ಲಿ ಕೂತು ಅಮ್ಮನನ್ನು ನೋಡಿಕೊಂಡವರಿಗೆ

ಇವತ್ತು ಬೆಳಿಗ್ಗೆ ಅಮ್ಮನ ಪಿತ್ತನಾಳದಲ್ಲಿ ಇಟ್ಟಿದ್ದ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ತೆಗೆದರು. ಆರು ವಾರದಿಂದ ಕಾಯುತ್ತಿದ್ದ ದಿನ. ಮೆತ್ತಗಿನ ಅನ್ನಕ್ಕೆ ತಿಳಿಸಾರು ಕಲಸಿಕೊಂಡು ಉಂಡು ಮಲಗಿದ್ದಾಳೆ.

ಕಲ್ಲುಗಳಾಗಿದ್ದ ಗಾಲ್‌ಬ್ಲಾಡರ್ (ಪಿತ್ತಕೋಶ) ತೆಗೆಸಿ ಮನೆಗೆ ಬಂದ ಮೂರನೇ ದಿನ ಅವಳ ಹೊಟ್ಟೆ ಉಬ್ಬಿತು. "ಗ್ಯಾಸ್ ಕಣೇ, ಜೀರಿಗೆ ಕಷಾಯ ಮಾಡ್ಕೊಡು" ಅಂದಳು. ಮಾಡಿಕೊಟ್ಟೆ. ರಾತ್ರಿ ಜ್ವರ ಬಂತು, ಬಲಭುಜ ನೋಯತೊಡಗಿತು. ಹೊಟ್ಟೆಯೊಳಗೆ ಸೋರಿದ ಪಿತ್ತರಸ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಗೆ ತಾಗಿದರೆ ಭುಜ ನೋಯುತ್ತದೆ ಅಂತ ನನಗೇನು ಗೊತ್ತು? ಯಾರ ಮನೆಯಲ್ಲಾದರೂ ಈ ಆಪರೇಷನ್ ಆದಮೇಲೆ ಜ್ವರ ಬಂದರೆ, ಹೊಟ್ಟೆ ಉಬ್ಬಿದರೆ, ಕಣ್ಣು ಹಳದಿಯಾದರೆ ದಯವಿಟ್ಟು ಕಷಾಯ ಕುದಿಸುತ್ತಾ ಕೂರಬೇಡಿ.

ಮೊದಲ ನಮಸ್ಕಾರ ಆ ರಾತ್ರಿ ಅಲ್ಟ್ರಾಸೌಂಡ್ ಮಾಡಿದ ಡಾಕ್ಟರಮ್ಮನಿಗೆ. "ಲಿವರ್ ಕೆಳಗೆ ನೀರಿದೆ. ಆಪರೇಷನ್ ಆದಮೇಲೆ ಸ್ವಲ್ಪ ಇರುತ್ತೆ, ಆದ್ರೆ ಇದು ಜಾಸ್ತಿ. ಏನು ನೀರು ಅಂತ ಗೊತ್ತಾಗ್ಲೇಬೇಕು" ಅಂದರು. ಆ ಹಟಕ್ಕೆ ನಾನು ಋಣಿ.

ಮರುದಿನ ಎಂಆರ್‌ಸಿಪಿ, ಅಂದರೆ ಪಿತ್ತನಾಳ ನೋಡುವ ಎಂಆರ್‌ಐ ಸ್ಕ್ಯಾನ್. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದವರೇ ಒಂದು ಲೋಟ ಅನಾನಸ್ ಜ್ಯೂಸ್ ಕೊಟ್ಟಾಗ ಗಾಬರಿಯಾಯಿತು. ಆ ಸ್ಕ್ಯಾನಿನಲ್ಲಿ ನಿಂತ ನೀರೆಲ್ಲ ಬೆಳ್ಳಗೆ ಕಾಣುತ್ತದೆ. ಅನಾನಸ್‌ನಲ್ಲಿರುವ ಮ್ಯಾಂಗನೀಸ್ ಜಠರದ ನೀರನ್ನು ಮಂಕು ಮಾಡುತ್ತದೆ, ಆಗ ಪಿತ್ತನಾಳ ಎದ್ದು ಕಾಣುತ್ತದೆ ಅಂತ ಟೆಕ್ನಿಷಿಯನ್ ಹುಡುಗ ಬಿಡಿಸಿ ಹೇಳಿದರು. ಅಮ್ಮನಿಗೆ ಆ ಸುರಂಗದೊಳಗೆ ಹೋಗಲು ಜೀವಭಯ. ಅವರು ಮೈಕಿನಲ್ಲಿ ಪ್ರತಿ ಸಲ "ಅಮ್ಮಾ, ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಹಾಂ, ಬಿಡಿ" ಅನ್ನುತ್ತಿದ್ದರು. ಒಂದು ಸಲವೂ ದನಿ ಏರಲಿಲ್ಲ.

ದೊಡ್ಡ ನಾಳಕ್ಕೆ ಪೆಟ್ಟಾಗಿರಲಿಲ್ಲ, ಕಲ್ಲೂ ಉಳಿದಿರಲಿಲ್ಲ. ಹಾಗಾದರೆ ಸೋರುತ್ತಿರುವುದು ಎಲ್ಲಿ? ಅದು ಹೈಡಾ ಸ್ಕ್ಯಾನಿನಲ್ಲಿ ಸಿಕ್ಕಿತು. ಕೈಯ ನರಕ್ಕೆ ಕೊಟ್ಟ ಔಷಧಿಯನ್ನು ಲಿವರ್ ಪಿತ್ತರಸಕ್ಕೆ ಬಿಡುತ್ತದೆ, ಅದು ಹೋಗುವ ದಾರಿಯನ್ನು ಕ್ಯಾಮೆರಾ ಹಿಂಬಾಲಿಸುತ್ತದೆ. ಕರುಳಿಗೆ ಇಳಿಯಬೇಕಾದದ್ದು ಆಪರೇಷನ್‌ನಲ್ಲಿ ನಾಳ ಮುಚ್ಚಲು ಕ್ಲಿಪ್ ಹಾಕಿದ ಜಾಗದ ಪಕ್ಕದಲ್ಲೇ ಹರಡುತ್ತಿತ್ತು. ಆ ಚಿತ್ರ ನೋಡಿ ನಾನು ಅತ್ತೇಬಿಟ್ಟೆ. ಕಾರಣ ಗೊತ್ತಾಯಿತಲ್ಲ, ಅದಕ್ಕೆ.

ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿ ಹಾಕಿ, ಸೋರಿದ್ದನ್ನು ಹೊರಗಿನ ಚೀಲಕ್ಕೆ ಇಳಿಸುವ ಡ್ರೈನ್ ಕೊಳವೆ ಇಟ್ಟವರಿಗೆ, ಬಾಯಿಂದ ಕೊಳವೆ ಇಳಿಸಿ ಸ್ಟೆಂಟ್ ಕೂರಿಸಿದ ಡಾಕ್ಟರಿಗೆ, ದಿನಾ ಚೀಲ ಅಳೆದು ಬರೆದುಕೊಂಡ ಸಿಸ್ಟರ್‌ಗಳಿಗೆ ಕೈಮುಗಿಯುತ್ತೇನೆ.

ಎಂಆರ್‌ಐ ಕೋಣೆಯ ಆ ಹುಡುಗನ ಹೆಸರು ಕೇಳುವುದೇ ಮರೆತೆ. ಶುಕ್ರವಾರ ಚೆಕಪ್‌ಗೆ ಬರುತ್ತೇವೆ. ಇದನ್ನು ಓದಿದರೆ ಒಂದು ನಿಮಿಷ ಹೊರಗೆ ಬನ್ನಿ, ಅಮ್ಮ ನಿಮ್ಮ ಮುಖ ನೋಡಬೇಕಂತೆ.