ಗಿಡ ಕೊಡುವವರು ನೆಡುವುದನ್ನೂ ತೋರಿಸಲಿ

ಸಂಪಾದಕರಿಗೆ ನಮಸ್ಕಾರ,

ಜೂನ್ ಬಂತೆಂದರೆ ನಮ್ಮ ಅಂಕೋಲಾ ಕಡೆ ಗಿಡ ಹಂಚುವ ಕಾಲ. ಮೊದಲು ಪರಿಸರ ದಿನ, ಆಮೇಲೆ ಜುಲೈನಲ್ಲಿ ವನಮಹೋತ್ಸವ. ಒಳ್ಳೆಯ ಕೆಲಸವೇ. ಆದರೆ ಗಿಡ ಕೈಗೆ ಕೊಟ್ಟವರು ಅದನ್ನು ಹೇಗೆ ನೆಡಬೇಕೆಂದು ಹೇಳುವುದಿಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಕೇರಿಗೆ ಬಂದ ಮಾವಿನ ಕಸಿ ಗಿಡಗಳಲ್ಲಿ ಹೆಚ್ಚಿನವು ದೀಪಾವಳಿ ಹೊತ್ತಿಗೆ ಸತ್ತಿದ್ದವು. ಪಕ್ಕದ ಮನೆಯವರು ಒಂದನ್ನು ಕಿತ್ತಾಗ ನೋಡಿದೆ, ಬೇರೆಲ್ಲ ಕೊಳೆತು ಕಪ್ಪಾಗಿತ್ತು.

ನಮ್ಮದು ಚಿರೆಕಲ್ಲಿನ ನೆಲ. ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಇಂಥಲ್ಲಿ ಹೊಂಡ ತೋಡಿ ಅರ್ಧಕ್ಕೆ ಮಣ್ಣು ತುಂಬಿ ಗಿಡ ಇಟ್ಟರೆ ಅದು ನೀರಲ್ಲೇ ನಿಲ್ಲುತ್ತದೆ, ಅಲ್ವಾ? ಮೂರು ಅಡಿ ಹೊಂಡ ಬೇಕು ನಿಜ, ಬೇರು ಇಳಿಯಲು ಸಡಿಲ ಮಣ್ಣು ಸಿಗಲಿ ಎಂದು. ಅದನ್ನು ಮೇಲ್ಮಣ್ಣು ಮತ್ತು ಚೆನ್ನಾಗಿ ಕಳಿತ ಸಗಣಿ ಗೊಬ್ಬರದಿಂದ ಪೂರ್ತಿ ತುಂಬಬೇಕು. ಮಣ್ಣು ಕುಸಿಯುವುದರಿಂದ ನೆಲಕ್ಕಿಂತ ಅರ್ಧ ಅಡಿಯಾದರೂ ಏರಿಸಿ, ಆ ದಿಬ್ಬದ ಮೇಲೆ ಗಿಡ ನೆಡಬೇಕು. ಪಾತಿ ಮಾಡುವುದು ಮಳೆ ಬಿಟ್ಟ ಮೇಲೆ.

ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ. ಬುಡದಲ್ಲಿ ಸುತ್ತಿಕೊಂಡ ಬೇರಿದ್ದರೆ ಕತ್ತರಿಸಿ, ಇಲ್ಲದಿದ್ದರೆ ಅದು ದೊಡ್ಡದಾದರೂ ಸುತ್ತುತ್ತಲೇ ಇರುತ್ತದೆ. ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ. ಗಂಟಿನ ಕೆಳಗೆ ಚಿಗುರು ಬಂದರೆ ಆಗಾಗ ಚಿವುಟಿ ಹಾಕಿ, ಅದು ಕಾಟು ಮಾವಿನದು. ಸುಮ್ನೆ ಬಿಟ್ಟರೆ ಕಸಿಯನ್ನೇ ನುಂಗುತ್ತದೆ.

ಮಳೆಯಲ್ಲಿ ಉಳಿದ ಗಿಡವನ್ನು ಬೇಸಿಗೆಯಲ್ಲೂ ಉಳಿಸಿಕೊಳ್ಳಬೇಕು. ಡಿಸೆಂಬರ್‌ನಿಂದ ಮೇವರೆಗೆ ವಾರಕ್ಕೆರಡು ಸಲ ನೀರು, ಪಶ್ಚಿಮಕ್ಕೆ ತೆಂಗಿನ ಮಡಲಿನ ಮರೆ, ಬುಡಕ್ಕೆ ಒಣಗಿದ ಎಲೆ. ಎಲೆ ಕಾಂಡಕ್ಕೆ ತಾಗದಿರಲಿ, ಒರಲೆ ಹತ್ತುತ್ತದೆ.

ಇನ್ನೊಂದು ಮಾತು. ನಮ್ಮೂರಿನ ಕರಿ ಇಶಾಡು ಮಾವಿಗೆ 2023ರಲ್ಲಿ ಜಿಐ, ಅಂದರೆ ಇದು ಈ ಊರಿನದೇ ವಿಶೇಷ ಬೆಳೆ ಎಂಬ ಭೌಗೋಳಿಕ ಮಾನ್ಯತೆ ಸಿಕ್ಕಿತು. ಇಲ್ಲಿ ಹಂಚಲು ಅದಕ್ಕಿಂತ ಒಳ್ಳೆಯ ಮಾವು ಯಾವುದಿದೆ? ತೆಳು ಸಿಪ್ಪೆಯ ಈ ಹಣ್ಣಿನ ರುಚಿ ನಮ್ಮ ಮಕ್ಕಳಿಗೆ ಅಂಗಳದಲ್ಲೇ ಸಿಗಬೇಕು.

ಮುಂದಿನ ಜೂನ್‌ನಲ್ಲಿ ಗಿಡ ಹಂಚುವವರಲ್ಲಿ ನನ್ನ ಕೋರಿಕೆ ಇಷ್ಟೇ. ನೂರು ಕೊಡುವ ಕಡೆ ಇಪ್ಪತ್ತೇ ಕೊಡಿ. ಪ್ರತಿ ಕೇರಿಯಲ್ಲಿ ಒಂದನ್ನಾದರೂ ನೀವೇ ನೆಟ್ಟು ತೋರಿಸಿ. ಫೆಬ್ರವರಿಯಲ್ಲಿ ಒಮ್ಮೆ ಬಂದು, ಯಾವುದು ಉಳಿದಿದೆ ಎಂದು ನೋಡಿ ಹೋಗಿ.

ನಿವೃತ್ತ ಶಿಕ್ಷಕಿ, ಅಂಕೋಲಾ