ಸಿಡಿ ಪ್ಲೇಯರ್ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ

ಮಾನ್ಯ ಸಂಪಾದಕರೇ,

ಮನೆಯಲ್ಲಿ ಸಂಗೀತ ಕೇಳಲು ದುಬಾರಿ ಸಿಡಿ ಪ್ಲೇಯರ್ ಅಥವಾ ಡ್ಯಾಕ್ ಆರಿಸುವುದು ಹೇಗೆ ಎಂದು ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಬಹುಪಾಲು ಒಳಗಿನ ಚಿಪ್‌ನ ಹೆಸರಿನ ಸುತ್ತಲೇ ತಿರುಗಿದೆ. ಡಿಜಿಟಲ್ ಅಂಕಿಗಳನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವ ಪೆಟ್ಟಿಗೆಯೇ ಡ್ಯಾಕ್. ಸಿಡಿ ಪ್ಲೇಯರ್ ಒಳಗೂ ಒಂದು ಇರುತ್ತದೆ, ಬಿಡಿಯಾಗಿಯೂ ಸಿಗುತ್ತದೆ. ಎರಡು ಮೂರು ಲಕ್ಷ ಎತ್ತಿಟ್ಟು ಅಂಗಡಿಗೆ ಹೊರಟವರು ಚಿಪ್ ಯಾವುದು ಎಂದು ಕೇಳುವುದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ: ಡಿಸ್ಕನ್ನು ಓದುವ ಇದರ ಲೇಸರ್ ಹೆಡ್ ಯಾವುದು, ಹತ್ತು ವರ್ಷದ ನಂತರ ಅದು ಎಲ್ಲಿ ಸಿಗುತ್ತದೆ?

ಚಿಪ್‌ಗೆ ಅಷ್ಟು ಮಹತ್ವ ಏಕೆ ಬೇಡ ಎಂಬುದಕ್ಕೆ ಕಾರಣವಿದೆ. ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿ 1982ರಲ್ಲಿ ಮಾರುಕಟ್ಟೆಗೆ ತಂದ ಸಿಡಿಯಲ್ಲಿ ಇರುವುದು ಸೆಕೆಂಡಿಗೆ ಧ್ವನಿಯ 44,100 ಅಳತೆ (ಸ್ಯಾಂಪಲ್), ಒಂದೊಂದೂ 16 ಬಿಟ್. ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ. ಇಂದು ಹತ್ತು ಹದಿನೈದು ಸಾವಿರ ರೂಪಾಯಿಯ ಒಳ್ಳೆಯ ಡ್ಯಾಕ್ ಕೂಡ ಇದಕ್ಕಿಂತ ಕಡಿಮೆ ಗದ್ದಲದಲ್ಲಿ ಕೆಲಸ ಮಾಡುತ್ತದೆ. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೈ-ರೆಸಲ್ಯೂಷನ್ ಡಿಸ್ಕ್‌ಗಳ ಧ್ವನಿಯನ್ನು ನೇರವಾಗಿಯೂ, ಸಿಡಿ ಗುಣಮಟ್ಟಕ್ಕೆ ಇಳಿಸಿಯೂ ಕೇಳಿಸಲಾಯಿತು. ಯಾವುದು ಯಾವುದೆಂದು ಹೇಳದೆ ನಡೆಸಿದ 554 ಪ್ರಯತ್ನಗಳಲ್ಲಿ ಸರಿ ಉತ್ತರ ಬಂದದ್ದು 276. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಒಕಾದಲ್ಲಿ ಎಕೆಎಂ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಆ ಚಿಪ್ಪನ್ನೇ ನೆಚ್ಚಿದ್ದ ಹಲವು ತಯಾರಕರು ಬೇರೆ ಕಂಪನಿಯ ಚಿಪ್ ಹಾಕಿ ವಿನ್ಯಾಸ ಬದಲಿಸಿಕೊಂಡು ಮುಂದೆ ನಡೆದರು. ಚಿಪ್ಪಿನ ಸುತ್ತಲಿನ ಪವರ್ ಸಪ್ಲೈ, ಫಿಲ್ಟರ್, ಔಟ್‌ಪುಟ್ ಭಾಗ ಸರಿಯಿದ್ದರೆ ಯಾವ ಒಳ್ಳೆಯ ಚಿಪ್ ಆದರೂ ನಡೆಯುತ್ತದೆ.

ವ್ಯತ್ಯಾಸ ಕಿವಿಗೆ ನಿಜವಾಗಿ ಗೊತ್ತಾಗುವ ಒಂದು ಬಗೆಯೆಂದರೆ ಓವರ್‌ಸ್ಯಾಂಪ್ಲಿಂಗ್ (ಅಳತೆಗಳ ನಡುವೆ ಲೆಕ್ಕದಿಂದ ಇನ್ನಷ್ಟು ಬಿಂದುಗಳನ್ನು ತುಂಬುವುದು) ಇಲ್ಲದ ಡ್ಯಾಕ್‌ಗಳು. ‘ಹಳೆಯ ಕಾಲದ ಬೆಚ್ಚನೆಯ ಧ್ವನಿ’ ಎಂದು ಇವುಗಳಿಗೆ ದುಬಾರಿ ಬೆಲೆ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ಇವು ಸಿಡಿಯ ಧ್ವನಿಯನ್ನು 10 ಕಿಲೋಹರ್ಟ್ಸ್‌ನಲ್ಲಿ ಮುಕ್ಕಾಲು ಡೆಸಿಬೆಲ್, 20 ಕಿಲೋಹರ್ಟ್ಸ್‌ನಲ್ಲಿ ಮೂರು ಡೆಸಿಬೆಲ್‌ಗಿಂತ ಸ್ವಲ್ಪ ಹೆಚ್ಚು ತಗ್ಗಿಸುತ್ತವೆ. ಆ ಬೆಚ್ಚನೆಯ ಗುಣದ ಬಹುಭಾಗ ಇಲ್ಲಿಂದ ಬರುತ್ತದೆ. ಇಷ್ಟವಾದರೆ ಕೊಳ್ಳಲಿ. ಆದರೆ ಆಂಪ್ಲಿಫೈಯರ್‌ನ ಟ್ರೆಬಲ್ ತಿರುಪನ್ನು ತುಸು ತಗ್ಗಿಸಿದರೂ ಇದಕ್ಕೆ ಸಮೀಪದ ಫಲ ಸಿಗುತ್ತದೆ ಎಂದು ತಿಳಿದು ಕೊಳ್ಳಲಿ.

ಸವೆಯುವುದು ಮೆಕ್ಯಾನಿಸಂ, ಅಂದರೆ ಡಿಸ್ಕ್ ತಿರುಗಿಸುವ ಮೋಟಾರ್ ಮತ್ತು ಲೇಸರ್ ಹೆಡ್ ಸೇರಿದ ಭಾಗ. ಫಿಲಿಪ್ಸ್‌ನ ಸಿಡಿ-ಪ್ರೊ2 ಎಂಬ ಮೆಕ್ಯಾನಿಸಂ ಒಂದು ಕಾಲಕ್ಕೆ ಎಷ್ಟೋ ದುಬಾರಿ ಪ್ಲೇಯರ್‌ಗಳ ಎದೆಯಾಗಿತ್ತು. ಅದರ ತಯಾರಿಕೆ ನಿಂತಿದೆ. ಆ ಯಂತ್ರಗಳನ್ನು ಇಂದು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮುಂದೆ ಲೇಸರ್ ಹೋದರೆ ಪೂರ್ತಿ ಮೆಕ್ಯಾನಿಸಂ ಹುಡುಕಿ ಅಲೆಯಬೇಕು. ಸೋನಿ ಕೆಎಸ್‌ಎಸ್-213ರಂತಹ ಸಾಮಾನ್ಯ ಹೆಡ್ ಹಾಕಿದ ಸಾಧಾರಣ ಪ್ಲೇಯರ್‌ಗೆ ಈ ತಾಪತ್ರಯ ಕಡಿಮೆ. ಬಿಡಿಭಾಗವಾಗಿ ಅದು ಇನ್ನೂ ಓಡಾಡುತ್ತಿದೆ. ಅಗ್ಗದ ನಕಲಿ ಹೆಡ್‌ಗಳೂ ಇವೆ, ಬಹುಬೇಗ ಕೈಕೊಡುತ್ತವೆ. ಹಾಗಾಗಿ ಹಾಕಿಸುವಾಗ ಮೆಕ್ಯಾನಿಕ್ ಎದುರೇ ನಾಲ್ಕೈದು ಡಿಸ್ಕ್ ಓಡಿಸಿ ನೋಡಬೇಕು. ಹೊಸ ದುಬಾರಿ ಪ್ಲೇಯರ್‌ಗಾದರೆ, ಮಾರುವವರಿಂದ ಮೆಕ್ಯಾನಿಸಂನ ಮಾದರಿ ಸಂಖ್ಯೆಯನ್ನೂ ಎಷ್ಟು ವರ್ಷ ಬಿಡಿಭಾಗ ಒದಗಿಸುತ್ತಾರೆ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಭರವಸೆ ಸಾಲದು.

ಕೊಳ್ಳುವ ಮೊದಲು ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಕಷ್ಟವಲ್ಲ. ಲೇಸರ್ ಡಿಸ್ಕನ್ನು ಒಳಗಿನಿಂದ ಹೊರಕ್ಕೆ ಓದುತ್ತದೆ. ಒಳಗಡೆ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬರುವಾಗ ಸುಮಾರು 200. ಡಿಸ್ಕ್ ಸೊಟ್ಟಗಾಗಿದ್ದರೆ ಅಂಚಿನಲ್ಲೇ ಹೆಚ್ಚು ಏರಿಳಿಯುತ್ತದೆ. ಆದ್ದರಿಂದ 75 ನಿಮಿಷ ಮೀರಿದ ಸಂಗೀತ ಕಛೇರಿಯ ಸಿಡಿ ಒಂದನ್ನು ಜೊತೆಗೆ ಒಯ್ಯಿರಿ, ನೇರವಾಗಿ ಕೊನೆಯ ಟ್ರ್ಯಾಕ್‌ಗೆ ಹೋಗಿ ಪೂರ್ತಿ ಕೇಳಿ. ಮನೆಯಲ್ಲಿ ಬರೆದ ಸಿಡಿ-ಆರ್ ಒಂದನ್ನೂ ಹಾಕಿ. ಕಾರ್ಖಾನೆಯಲ್ಲಿ ಒತ್ತಿ ತಯಾರಿಸಿದ ಅಚ್ಚಿನ ಡಿಸ್ಕ್ ಲೇಸರ್ ಬೆಳಕಿನ ಕನಿಷ್ಠ 70 ಶೇಕಡಾ ಹಿಂದಿರುಗಿಸಬೇಕು, ಸಿಡಿ-ಆರ್‌ಗೆ ಆ ಮಿತಿ 65. ಸಿಡಿ-ಆರ್‌ಡಬ್ಲ್ಯೂ (ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕ್) ಕೊಡುವುದು 15ರಿಂದ 25 ಮಾತ್ರ, ಹಳೆಯ ಎಷ್ಟೋ ಪ್ಲೇಯರ್‌ಗಳು ಅದನ್ನು ಓದುವುದೇ ಇಲ್ಲ. ಅದು ಯಂತ್ರದ ದೋಷವಲ್ಲ. ಸೆಕೆಂಡ್ ಹ್ಯಾಂಡ್ ಯಂತ್ರ ಅಚ್ಚಿನ ಡಿಸ್ಕ್ ಓದಿ ಸಿಡಿ-ಆರ್‌ಗೆ ತಡವರಿಸಿದರೆ ಲೇಸರ್ ಸೋಲುತ್ತಿದೆ ಎಂದು ಸಂಶಯಪಡಬೇಕು. ಡಿಸ್ಕ್ ಹಾಕಿದ ಮೇಲೆ ಟ್ರ್ಯಾಕ್ ಸಂಖ್ಯೆ ತೋರಿಸಲು ಹತ್ತು ಹದಿನೈದು ಸೆಕೆಂಡ್ ತಿಣುಕಿದರೂ ಅದೇ ಸಂಶಯ. ರಿಮೋಟ್ ಇಲ್ಲದ ಯಂತ್ರ ಅಗ್ಗವಾಗಿ ಸಿಕ್ಕಿದರೆ ಹಿಗ್ಗಬೇಡಿ. ಎಷ್ಟೋ ಮಾದರಿಗಳಲ್ಲಿ ಅರ್ಧ ಕೆಲಸ ರಿಮೋಟ್‌ನಿಂದಲೇ ಆಗಬೇಕು.

ತೊಂದರೆಯ ಲಕ್ಷಣದಿಂದಲೇ ಖರ್ಚನ್ನು ಅಂದಾಜು ಮಾಡಬಹುದು. ಟ್ರೇ ಅರ್ಧಕ್ಕೆ ನಿಲ್ಲುವುದು ಸಾಮಾನ್ಯವಾಗಿ ಸಡಿಲಾದ ರಬ್ಬರ್ ಬೆಲ್ಟ್, ಕೆಲವೇ ರೂಪಾಯಿಯ ಕೆಲಸ. ಮೊದಲ ಹಾಡುಗಳು ಸರಿಯಾಗಿ ಬಂದು ಯಾವ ಡಿಸ್ಕ್ ಹಾಕಿದರೂ ಕೊನೆಯವು ಜಿಗಿದರೆ ಹೆಡ್ ಜಾರುವ ಸರಳಿನ ಗ್ರೀಸ್ ಒಣಗಿರಬಹುದು. ‘ನೋ ಡಿಸ್ಕ್’ ಎಂದು ಬಂದರೆ ಲೆನ್ಸ್ ಮೇಲಿನ ದೂಳು, ಸೋತ ಲೇಸರ್ ಅಥವಾ ತಿರುಗಿಸುವ ಮೋಟಾರ್. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದಲ್ಲಿ ಬೆಳಿಗ್ಗೆ ಓದದ ಯಂತ್ರ ಒಂದು ಗಂಟೆ ಆನ್ ಇಟ್ಟ ಮೇಲೆ ಓದಿದರೆ ಲೆನ್ಸ್ ಮೇಲೆ ತೇವ ಕೂತಿರಬಹುದು. ಹೆಡ್ ಬದಲಿಸಲು ಓಡಬೇಡಿ. ಲೆನ್ಸ್ ಒರೆಸಲು ಹತ್ತಿ ಕಡ್ಡಿಗೆ ಒಂದು ಹನಿ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಪ್ಲಗ್ ಕಿತ್ತ ಮೇಲೆಯೇ ಮುಟ್ಟಬೇಕು, ಒತ್ತಬಾರದು. ಲೆನ್ಸ್ ಕೂದಲೆಳೆಯಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ. ಬ್ರಷ್ ಅಂಟಿಸಿದ ಕ್ಲೀನಿಂಗ್ ಡಿಸ್ಕ್ ಬೇಡವೇ ಬೇಡ. ಮುಚ್ಚಳ ತೆಗೆದು ಓಡಿಸುವಾಗ ಲೆನ್ಸ್ ಕಡೆ ಇಣುಕಬಾರದು. 780 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಬಹುತೇಕ ಕಾಣದು, ಆದರೆ ಹಾನಿ ಮಾಡುತ್ತದೆ.

ಡಿಸ್ಕ್ ಬಗ್ಗೆಯೂ ಒಂದು ಮಾತು. ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಬೇಕು, ಸುತ್ತ ತಿಕ್ಕಬಾರದು. ಲೇಸರ್ ಓಡುವ ದಾರಿಯುದ್ದಕ್ಕೆ ಬಿದ್ದ ಗೀರು ಒಂದೇ ಕಡೆಯ ದತ್ತಾಂಶವನ್ನು ಸಾಲಾಗಿ ನುಂಗುತ್ತದೆ. ಸುಮಾರು 2.5 ಮಿಲಿಮೀಟರ್ ತನಕದ ನಷ್ಟವನ್ನು ಸಿಡಿಯ ತಪ್ಪು ತಿದ್ದುವ ವ್ಯವಸ್ಥೆ ಪೂರ್ತಿ ತುಂಬಿಕೊಡುತ್ತದೆ, ಅದಕ್ಕಿಂತ ಹೆಚ್ಚಾದರೆ ಅಕ್ಕಪಕ್ಕದ್ದನ್ನು ನೋಡಿ ಊಹಿಸುತ್ತದೆ. ಹೊಳೆಯುವ ಬದಿಗಿಂತ ಲೇಬಲ್ ಬದಿ ಹೆಚ್ಚು ನಾಜೂಕು: ಕೆಳಗೆ 1.2 ಮಿಲಿಮೀಟರ್ ಪ್ಲಾಸ್ಟಿಕ್ ಕಾವಲಿದೆ, ಮೇಲೆ ಲೋಹದ ಪದರಕ್ಕೆ ತೆಳು ವಾರ್ನಿಷ್ ಬಿಟ್ಟರೆ ಬೇರೇನಿಲ್ಲ. ಅಲ್ಲಿ ಬಾಲ್‌ಪೆನ್‌ನಲ್ಲಿ ಹೆಸರು ಬರೆದು ಹಾಳಾದ ಡಿಸ್ಕನ್ನು ಯಾವ ಲಕ್ಷದ ಯಂತ್ರವೂ ಉಳಿಸದು.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ್ದು: ದೇವರನಾಮ, ಹಳೆಯ ಚಿತ್ರಗೀತೆಗಳ ‘ನೂರು ಹಾಡು ಒಂದೇ ಸಿಡಿಯಲ್ಲಿ’ ಎಂಬವು ಎಂಪಿ3 ಡಿಸ್ಕ್‌ಗಳು. ಸಂಗೀತಕ್ಕೇ ಮೀಸಲಾದ ಎಷ್ಟೋ ದುಬಾರಿ ಪ್ಲೇಯರ್‌ಗಳು ಇವನ್ನು ನುಡಿಸುವುದಿಲ್ಲ. ಮನೆಯ ಸಂಗ್ರಹದಲ್ಲಿ ಅಂಥವು ಹೆಚ್ಚಿದ್ದರೆ ಮೊದಲೇ ಕೇಳಿಕೊಳ್ಳಿ.

ಡಿಸ್ಕ್‌ಗಳು ಇನ್ನೂರು ಮುನ್ನೂರರ ಆಚೆ ಇದ್ದು, ಪ್ಲೇಯರ್ ಹಳತಾಗಿದ್ದರೆ, ಹೊಸ ದುಬಾರಿ ಪ್ಲೇಯರ್‌ಗಿಂತ ಸಂಗ್ರಹವನ್ನು ಕಂಪ್ಯೂಟರ್‌ಗೆ ಇಳಿಸಿ ಒಳ್ಳೆಯ ಡ್ಯಾಕ್ ಕೊಳ್ಳುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. 74 ನಿಮಿಷದ ಸಿಡಿ ಸುಮಾರು 780 ಮೆಗಾಬೈಟ್. ಏನೂ ಕಳೆದುಕೊಳ್ಳದ ಫ್ಲ್ಯಾಕ್ ರೂಪದಲ್ಲಿ ಸಾಮಾನ್ಯವಾಗಿ ಅದರ ಅರ್ಧದ ಆಸುಪಾಸು. ಒಂದು ಟೆರಾಬೈಟ್ ಡಿಸ್ಕ್‌ನಲ್ಲಿ ಎರಡು ಸಾವಿರ ಸಿಡಿ ಆರಾಮಾಗಿ ಹಿಡಿಯುತ್ತವೆ. ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಲೇಬೇಕು. ಇಳಿಸಲು ಎಕ್ಸ್ಯಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶ ಬಳಸಿ. ಬೇರೆಯವರು ಇಳಿಸಿದ ಪ್ರತಿಯೊಂದಿಗೆ ಅದು ಆಕ್ಯುರೇಟ್‌ರಿಪ್ ಮೂಲಕ ತಾಳೆ ನೋಡುತ್ತದೆ. ನಮ್ಮ ಸಣ್ಣ ಕಂಪನಿಗಳ ಸುಗಮ ಸಂಗೀತ, ಹಿಂದೂಸ್ತಾನಿ ಡಿಸ್ಕ್‌ಗಳು ಆ ಪಟ್ಟಿಯಲ್ಲಿ ಇಲ್ಲದಿರುವುದೇ ಹೆಚ್ಚು. ಅಂಥವನ್ನು ಎರಡು ಸಲ ಇಳಿಸಿ, ಎರಡರ ಸಿಆರ್‌ಸಿ ಸಂಖ್ಯೆ (ಫೈಲ್‌ನ ಅಂಕಿಗಳಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ಒಂದೇ ಬಂತೇ ನೋಡಿ. 1980ರ ದಶಕದ ಕೆಲವು ಡಿಸ್ಕ್‌ಗಳಲ್ಲಿ ತಾರಸ್ವರವನ್ನು ಬೇಕೆಂದೇ ಏರಿಸಿ ಬರೆದಿರುತ್ತಾರೆ. ಸಿಡಿ ಪ್ಲೇಯರ್ ಗುರುತು ಹಿಡಿದು ತಗ್ಗಿಸುತ್ತದೆ, ಕಂಪ್ಯೂಟರ್ ಫೈಲ್‌ನಲ್ಲಿ ಅದು ಹಾಗೆಯೇ ಉಳಿದು ಧ್ವನಿ ಚುಚ್ಚುತ್ತದೆ. ಇಳಿಸುವಾಗ ‘ಪ್ರಿ-ಎಂಫಸಿಸ್’ ಎಂದು ತೋರಿಸಿದರೆ ತಿದ್ದಿಕೊಳ್ಳಬೇಕು.

ಡ್ಯಾಕ್‌ನ ಪರದೆಯಲ್ಲಿ ಸಿಡಿಯ ಫೈಲ್‌ಗೆ 44.1 (ಸಾವಿರ ಸ್ಯಾಂಪಲ್) ಎಂದೇ ಬರಬೇಕು. 48 ಎಂದು ಬಂದರೆ ನಡುವೆ ಕಂಪ್ಯೂಟರ್ ಅಥವಾ ಫೋನ್ ಕೈಯಾಡಿಸಿದೆ. ವಿಂಡೋಸ್‌ನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ (ಧ್ವನಿಯನ್ನು ಬದಲಿಸದೆ ನೇರವಾಗಿ ಡ್ಯಾಕ್‌ಗೆ ಕಳಿಸುವ ವಿಧಾನ) ಆರಿಸಿದರೆ ಸರಿಹೋಗುತ್ತದೆ. ಇನ್ನೊಂದು ಕಿರಿಕಿರಿ: ಹಾಡು ಶುರುವಾದಾಗ ಕೆಲವು ಡ್ಯಾಕ್‌ಗಳ ಒಳಗೆ ರಿಲೇ ‘ಟಕ್’ ಎಂದು ಕೂತು ಮೊದಲ ಅರ್ಧ ಸೆಕೆಂಡ್ ನುಂಗಿಬಿಡುತ್ತದೆ. ಷಡ್ಜ ಹಿಡಿಯುವ ಮೊದಲ ಕ್ಷಣವೇ ಹೋಗುತ್ತದೆ. ಇದು ವಿವರಪಟ್ಟಿಯಲ್ಲಿ ಇರುವುದಿಲ್ಲ, ಅಂಗಡಿಯಲ್ಲಿ ನಿಲ್ಲಿಸಿ ಶುರುಮಾಡಿ ನೋಡಿಯೇ ತಿಳಿಯಬೇಕು. ತೀರಾ ಗಟ್ಟಿಯಾಗಿ ಮಾಸ್ಟರ್ ಮಾಡಿದ ಇತ್ತೀಚಿನ ಚಿತ್ರಗೀತೆಗಳು ಡ್ಯಾಕ್‌ನಲ್ಲಿ ಕರಕರ ಎಂದರೆ, ಪ್ಲೇಯರ್ ತಂತ್ರಾಂಶದಲ್ಲಿ ಧ್ವನಿಯನ್ನು 3 ಡೆಸಿಬೆಲ್ ತಗ್ಗಿಸಿ ನೋಡಿ. ಎರಡು ಸ್ಯಾಂಪಲ್‌ಗಳ ನಡುವೆ ಧ್ವನಿ ಏರುವ ಶಿಖರಕ್ಕೆ ಜಾಗ ಸಿಕ್ಕಿ ಎಷ್ಟೋ ಸಲ ಶುಚಿಯಾಗುತ್ತದೆ.

ಅಂಗಡಿಯಲ್ಲಿ ಎರಡು ಯಂತ್ರ ಹೋಲಿಸುವ ರೀತಿಯೇ ದೊಡ್ಡ ಮೋಸಕ್ಕೆ ದಾರಿ. ಒಂದರ ಔಟ್‌ಪುಟ್ 2 ವೋಲ್ಟ್, ಇನ್ನೊಂದರದು 2.3 ಇದ್ದರೆ ಎರಡನೆಯದು 1.2 ಡೆಸಿಬೆಲ್ ಗಟ್ಟಿ. ಅಷ್ಟು ವ್ಯತ್ಯಾಸ ಕಿವಿಗೆ ‘ಗಟ್ಟಿ’ ಎನಿಸದೆ ‘ಸ್ಪಷ್ಟ’ ಎನಿಸುತ್ತದೆ, ಗಿರಾಕಿ ಅದನ್ನೇ ಆರಿಸುತ್ತಾನೆ. ಒಂದನ್ನು ಆರ್‌ಸಿಎ ಕೇಬಲ್‌ನಲ್ಲಿ, ಇನ್ನೊಂದನ್ನು ಸಾಮಾನ್ಯವಾಗಿ 4 ವೋಲ್ಟ್ ಕೊಡುವ ಎಕ್ಸ್‌ಎಲ್‌ಆರ್‌ನಲ್ಲಿ ಕೇಳಿಸಿದರೆ ಅಂತರ 6 ಡೆಸಿಬೆಲ್. ಸಮ ಮಾಡಲು ಮಲ್ಟಿಮೀಟರ್ ಸಾಕು. 200 ಹರ್ಟ್ಸ್‌ನ ಒಂದೇ ಸ್ವರವನ್ನು ಸಿಡಿ-ಆರ್‌ಗೆ ಬರೆದುಕೊಂಡು ಹೋಗಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಎರಡೂ ಯಂತ್ರಕ್ಕೆ ಒಂದೇ ವೋಲ್ಟ್ ಬರುವಂತೆ ವಾಲ್ಯೂಮ್ ಹೊಂದಿಸಿ. ವ್ಯತ್ಯಾಸ ನೂರಕ್ಕೆ ಒಂದರೊಳಗೆ ಇರಲಿ. 1000 ಹರ್ಟ್ಸ್ ಬೇಡ, ಸಾಮಾನ್ಯ ಮಲ್ಟಿಮೀಟರ್‌ಗಳು 400 ಹರ್ಟ್ಸ್ ದಾಟಿದರೆ ನಂಬಿಕೆಗೆ ಅರ್ಹವಲ್ಲ. ಆಮೇಲೆ ಯಾವುದು ಓಡುತ್ತಿದೆ ಎಂದು ನಿಮಗೆ ಕಾಣದಂತೆ ಬೇರೆಯವರು ಬದಲಿಸಲಿ. ತಂಬೂರಿಯ ನಾದ ಆರುವ ಪರಿ, ಮೃದಂಗದ ಎಡಬದಿಯ ಗುಮ್ಕಿ, ಸಭಾಂಗಣದ ಗುಂಗು, ಇವನ್ನು ಗಮನಿಸಿ. ಸಮ ಮಾಡಲು ಒಪ್ಪದ ಅಂಗಡಿಯಿಂದ ಎದ್ದು ಬರುವುದು ಒಳ್ಳೆಯದು.

ವಿದೇಶದಿಂದ ನೆಂಟರ ಕೈಲಿ ತರಿಸುವವರು ಹಿಂಬದಿಯ ವೋಲ್ಟೇಜ್ ಓದದೆ ಪ್ಲಗ್ ಹಾಕಬೇಡಿ. ಜಪಾನಿನ ಒಳಮಾರುಕಟ್ಟೆಯ ಯಂತ್ರ 100 ವೋಲ್ಟ್, ಅಮೆರಿಕದ್ದು 120. ನಮ್ಮಲ್ಲಿ ಸುಲಭವಾಗಿ ಸಿಗುವ 110 ವೋಲ್ಟ್ ಟ್ರಾನ್ಸ್‌ಫಾರ್ಮರ್ ಜಪಾನಿನ ಯಂತ್ರಕ್ಕೆ ಸರಿಯಲ್ಲ: ಲೈನಿನಲ್ಲಿ 245 ವೋಲ್ಟ್ ಬಂದ ಹೊತ್ತು ಅದು 117 ಕೊಡುತ್ತದೆ, ಒಳಗಿನ ರೆಗ್ಯುಲೇಟರ್‌ಗಳು ಕಾದು ಕೆಪಾಸಿಟರ್‌ಗಳ ಆಯುಷ್ಯ ಇಳಿಯುತ್ತದೆ. 230ರಿಂದ 100ಕ್ಕೆ ಇಳಿಸುವ, ಒಳ ಹೊರ ಸುತ್ತುಗಳು ಬೇರೆಯಾಗಿರುವ 100 ವಿಎ ಟ್ರಾನ್ಸ್‌ಫಾರ್ಮರನ್ನು ಹೇಳಿ ಮಾಡಿಸಬಹುದು. ಅಷ್ಟು ಸಾಮರ್ಥ್ಯ ಧಾರಾಳ ಸಾಕು, ಸಿಡಿ ಪ್ಲೇಯರ್ ಎಳೆಯುವುದು ಸಾಮಾನ್ಯವಾಗಿ 15ರಿಂದ 30 ವಾಟ್. ಕಂಪ್ಯೂಟರ್‌ಗೆ ಡ್ಯಾಕ್ ಸಿಕ್ಕಿಸಿದಾಗ ‘ಗುಂಯ್’ ಎಂದರೆ ಎರಡಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ನಿಂದ ವಿದ್ಯುತ್ ಕೊಟ್ಟು ನೋಡಿ, ಹೋಗದಿದ್ದರೆ ಯುಎಸ್‌ಬಿ ಬದಲು ಆಪ್ಟಿಕಲ್ ಕೇಬಲ್ ಹಾಕಿ. ಅರ್ತಿಂಗ್ ಪಿನ್ ಕಿತ್ತು ಸದ್ದು ನಿಲ್ಲಿಸುವ ಚಾಳಿ ಜೀವಕ್ಕೆ ಅಪಾಯ.

ಉಳಿದ ಹಣ ಕೋಣೆಗೆ ಹೋಗಲಿ. ಗ್ರಾನೈಟ್ ನೆಲ, ಕಾಂಕ್ರೀಟ್ ಚಾವಣಿ, ಬರಿಗೋಡೆಯ ಹಾಲ್‌ನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ‘ಟ್ರಿಂಗ್’ ಎಂದು ಬಾಲ ಎಳೆಯುತ್ತದೆ. ಆ ಬಾಲ ಎರಡು ಡ್ಯಾಕ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಸ್ಪೀಕರ್ ಮತ್ತು ಕೂರುವ ಜಾಗದ ನಡುವೆ ದಪ್ಪ ಹಾಸು, ಹಿಂದಿನ ಗೋಡೆಗೆ ತುಂಬಿದ ಪುಸ್ತಕದ ಕಪಾಟು ಬರಲಿ. ನವಲಗುಂದದ ಜಮಖಾನ ಚೆಂದ, ಆದರೆ ತೆಳುವಾದ್ದರಿಂದ ತಾರಸ್ವರವನ್ನಷ್ಟೇ ಹೀರುತ್ತದೆ. ಕೆಳಗೆ ಒಂದು ದಪ್ಪ ಪದರ ಬೇಕು.

ಮುಂದೆ ಇಂಥ ಯಂತ್ರಗಳ ಪರಿಚಯ ಪ್ರಕಟಿಸುವಾಗ ಬೆಲೆಯ ಪಕ್ಕದಲ್ಲಿ ಮೆಕ್ಯಾನಿಸಂನ ಮಾದರಿ, ಔಟ್‌ಪುಟ್ ವೋಲ್ಟ್ ಮತ್ತು ಕರ್ನಾಟಕದಲ್ಲಿ ಸರ್ವಿಸ್ ಎಲ್ಲಿದೆ ಎಂಬ ಮೂರು ಸಾಲುಗಳನ್ನೂ ಅಚ್ಚು ಮಾಡಬೇಕೆಂದು ಕೋರುತ್ತೇನೆ.

ಇತಿ,
ಓದುಗರೊಬ್ಬರು, ಧಾರವಾಡ